ಬುಧವಾರದ ವರದಿ

ಹೊಸನಗರ ಠಾಣೆ. ಬುಧವಾರ, ಹನ್ನೊಂದು ಗಂಟೆ.
ಬೆಂಚಿನ ತುದಿಯಲ್ಲಿ ಸಿಸ್ಟರ್ ವೊಲೊಲೋನಾ,
ದೇಶ ಮಡಗಾಸ್ಕರ್, ವಯಸ್ಸು ಇಪ್ಪತ್ತಾರು,
ಬಿಳಿ ಸೀರೆ ಉಡಲು ಇನ್ನೂ ಬಾರದೆ
ಸೊಂಟದ ಹತ್ತಿರ ನಾಲ್ಕು ಪಿನ್ನು.
ನಾನು ಹೆಡ್ ಕಾನ್ಸ್‌ಟೇಬಲ್ ಹಾಲಪ್ಪ.
ನನ್ನ ಕೆಲಸ, ವಾರಕ್ಕೊಮ್ಮೆ ಇವಳು ಏನು ಮಾಡಿದಳೆಂದು ಬರೆಯುವುದು.
ಇವಳ ಕೆಲಸ, ನಾನು ಬರೆಯುವಂಥದ್ದೇನೂ ಮಾಡದಿರುವುದು.

ಮೊದಲ ವಾರ ಷರತ್ತಿನ ಹಾಳೆ ಓದಿ ಹೇಳಿದೆ:
ಬೋಧಿಸಕೂಡದು. ಪುಸ್ತಕ ಹಂಚಕೂಡದು.
ತಿಳಿಸದೆ ತಾಲ್ಲೂಕು ದಾಟಕೂಡದು.
ಸಣ್ಣ ನೋಟುಬುಕ್ಕು ತೆಗೆದು ತನ್ನ ಲಿಪಿಯಲ್ಲಿ
ಅವಳು ಬರೆದುಕೊಂಡಳು: ಕೂಡದು.
ನಮಸ್ಕಾರ ಕಲಿತದ್ದು ಅದಾದ ಮೇಲೆ.

ನಾಲ್ಕನೇ ವಾರ ತಡವರಿಸಿ ಕೇಳಿದಳು:
"ಕೂಡದು ಅಂದ್ರೆ ಬೇಡ. ಕೂಡು ಅಂದ್ರೆ, ಸಾರ್?"
ಲೆಕ್ಕದ ಮೇಷ್ಟ್ರ ಮಗ ನಾನು.
ಎರಡಕ್ಕೆ ಮೂರು ಕೂಡು ಎಂದೆ.
ಒಬ್ಬರೊಡನೊಬ್ಬರು ಕೂಡುವುದೂ ಅದೇ.
ಬಯಲುಸೀಮೆಯವರು ಬೆಂಚು ತೋರಿಸಿ
"ಕೂಡ್ರಿ" ಅಂತಾರಲ್ಲ, ಅದೂ.
ಅವಳು ನಕ್ಕಳು. ಠಾಣೆಯಲ್ಲಿ ಯಾರೂ ಹಾಗೆ ನಗುವುದಿಲ್ಲ.
ನಾನು ಬರೆದೆ: ಹಾಜರು.

ಮಾಘ ಕಳೆಯುವ ಹೊತ್ತಿಗೆ
ಕಾಡಂಚಿನಲ್ಲಿ ಎರಡು ಮಂಗ ಸತ್ತು ಬಿದ್ದವು.
ದರಗು ಗುಡಿಸುವ ಹೆಂಗಸರ ಕಾಲಿಗೆ ಉಣುಗು ಹತ್ತದಂತೆ
ಆಸ್ಪತ್ರೆಯಿಂದ ಡೆಪಾ ಎಣ್ಣೆ ಬಂತು,
ಹಚ್ಚಲು ಆಶಾ ಕಾರ್ಯಕರ್ತೆ ಚೌಡಮ್ಮ, ಜೊತೆಗೆ ಇವಳು.
ಹದಿನೈದೇ ದಿನಕ್ಕೆ ನಮಗೊಂದು ಅರ್ಜಿ, ಹೆಸರಿಲ್ಲದ್ದು:
ಪರದೇಶದ ಹೆಂಗಸು ನಮ್ಮವರ ಪಾದಕ್ಕೆ ಎಣ್ಣೆ ಹಚ್ಚಿ
ಮಂತ್ರ ಹೇಳುತ್ತಿದ್ದಾಳೆ, ಕ್ರಮ ಕೈಗೊಳ್ಳಿ.

ಮಫ್ತಿಯಲ್ಲಿ ಹೋದೆ, ಬೆಳಗಿನ ಏಳಕ್ಕೆ.
ಮತ್ತಿಮರದ ಹಿಂದೆ ನಿಂತೆ;
ಐವತ್ತೆರಡರ ನನ್ನ ಹೊಟ್ಟೆ ಮಾತ್ರ ಮರೆಯಾಗಲಿಲ್ಲ.
ನೆಲಕ್ಕೆ ಮೊಣಕಾಲೂರಿ, ಯಾರದೋ ಒಡೆದ ಹಿಮ್ಮಡಿಯನ್ನು
ಮಡಿಲಲ್ಲಿಟ್ಟುಕೊಂಡು ಅವಳು ಉಜ್ಜುತ್ತಿದ್ದಳು.
ತುಟಿ ಅಲುಗುತ್ತಿದ್ದದ್ದು ನಿಜ. ಕಿವಿಗೊಟ್ಟೆ:
ಕಾಲು, ಕಾಳು. ಹಾಲು, ಹಾಳು. ಬೆಲೆ, ಬೆಳೆ.
ಎರಡನೆಯದು ಪ್ರತಿ ಸಲವೂ ಜಾರಿ ಮೊದಲನೆಯದಾಗುತ್ತಿತ್ತು.
"ನಾಲಿಗೆ ಮಡಚು ತಂಗಿ, ಇನ್ನೂ ಮಡಚು"
ಎಂದು ಸಾಲಿನಲ್ಲಿದ್ದವರೆಲ್ಲ ಗದರುತ್ತಿದ್ದರು.

ವರದಿ: ಎಣ್ಣೆ ಸರ್ಕಾರದ್ದು. ಮಂತ್ರ ಕನ್ನಡದ್ದು.

ಸಾಹೇಬರಿಗೆ ಇಷ್ಟು ಸಾಕಾಯಿತು. ಇನ್ನುಳಿದದ್ದು ಬರೆದಿಲ್ಲ.

ರಾತ್ರಿ ಎರಡಕ್ಕೆ ನನ್ನ ಫೋನು.
"ಸಾರ್, ತಾಲ್ಲೂಕು ದಾಟ್ಲಾ?"
ಹಿಂದೆ ಆಂಬುಲೆನ್ಸಿನ ಸದ್ದು, ಒಂದು ಹೆಂಗಸಿನ ಅಳು.
ಬಂಗಾರಿಯ ಮಗಳು, ಎಂಟು ವರ್ಷ, ಜ್ವರದ ಆರನೇ ದಿನ.
ದಾಟು ಮಾರಾಯ್ತಿ, ಎಂದೆ,
ಬೆಳಿಗ್ಗೆ ಹಿಂದಿನ ದಿನದ ತಾರೀಕು ಹಾಕಿ ಪರವಾನಗಿ ಬರೆದೆ,
ಅದನ್ನು ತಲುಪಿಸುವ ನೆಪದಲ್ಲಿ ಶಿವಮೊಗ್ಗ ಬಸ್ಸು ಹತ್ತಿದೆ.

ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಇಬ್ಬರೂ ನೆಲದ ಮೇಲೆ.
ಅವಳ ತುಟಿ ಮುಚ್ಚಿತ್ತು. ಕೈಚೀಲದೊಳಗೆ ಬೆರಳು ಮಾತ್ರ
ಏನನ್ನೋ ಒಂದೊಂದಾಗಿ ದಾಟಿಸುತ್ತಿತ್ತು.
ಕೈಚೀಲದ ಒಳಗು ಯಾವ ಠಾಣೆಯ ಸರಹದ್ದು?
ಅಷ್ಟರಲ್ಲಿ ಬಂಗಾರಿ ಅವಳ ಸೆರಗು ಹಿಡಿದಳು:
"ನಮ್ಮ ಭೂತಪ್ಪಂಗೆ ಹೇಳಿ ಆತು.
ನಿಮ್ಮೋರಿಗೂ ಒಂದ್ಮಾತು ಹೇಳಮ್ಮ, ಬಾಯ್ಬಿಟ್ಟು ಹೇಳು."

ಸಿಸ್ಟರ್ ನನ್ನ ಕಡೆ ನೋಡಿದಳು.

ನಾನು ಚಹಾ ಕುಡಿಯಲು ಹೋದೆ.
ಎರಡು ಲೋಟ ಕುಡಿದೆ. ಗೇಟಿನಲ್ಲಿ
ಬೇಡದ ಬಾಳೆಹಣ್ಣಿಗೆ ಚೌಕಾಸಿ ಮಾಡಿದೆ.

ಮುಂದಿನ ಬುಧವಾರ, ಹನ್ನೊಂದು ಗಂಟೆ.
ಹುಡುಗಿ? ಎಂದು ಕೇಳಿದೆ, ಪೆನ್ನಿನ ಕ್ಯಾಪು ತೆಗೆಯುತ್ತಾ.
"ಬೆಲಿಗ್ಗೆ ಗಂಜಿ ಕುಡಿದಲು, ಸಾರ್."
ತಿದ್ದಲಿಲ್ಲ.
ಹಾಜರು, ಎಂದು ಬರೆದೆ. ಅದರ ಮುಂದೆ,
ವಿಶೇಷವೇನೂ ಇಲ್ಲ.